ಹೊಸ ಡಬ್ಬಿಯ ಮದ್ದು

ನಮ್ಮ ಬೀದಿ ಮುಗಿಯುವಲ್ಲಿಗೆ ಟೆಕ್ಸಸ್ಸಿನ ಮೆಕಿನ್ನಿ ಊರೂ ಮುಗಿಯುತ್ತಿದ್ದ ಕಾಲ ಅದು. ಈಗ ಅಲ್ಲಿಂದ ಪಕ್ಕದೂರು ಪ್ರಾಸ್ಪರ್‌ವರೆಗೆ ಒಂದೇ ಬಣ್ಣದ ಮನೆಗಳು ಒಂದರ ಬೆನ್ನಿಗೊಂದು ನಿಂತಿವೆ. ಆಗ ಇದ್ದದ್ದು ಜೋಳದ ಹೊಲ, ಒಂದು ತಂತಿಬೇಲಿ, ಬೇಲಿಯ ಮೇಲೆ ಸಾಲಾಗಿ ಕೂತ ಕಪ್ಪು ಹಕ್ಕಿಗಳು. ಬೇಸಿಗೆ ರಜೆಯಲ್ಲಿ ಬೆಳಗ್ಗೆ ಒಂಬತ್ತಕ್ಕೇ ರಸ್ತೆಯ ಕಾಂಕ್ರೀಟಿನ ಕಾವು ಚಪ್ಪಲಿ ದಾಟಿ ಅಂಗಾಲಿಗೆ ಹತ್ತುತ್ತಿತ್ತು. ನನಗೆ ಹನ್ನೆರಡು ವರ್ಷ. ನಮಗೆ ಗೊತ್ತಿದ್ದ ಕನ್ನಡದವರ ಮಕ್ಕಳೆಲ್ಲ ಭರತನಾಟ್ಯ, ಈಜು, ಸ್ಪೆಲ್ಲಿಂಗ್ ಕ್ಲಾಸು ಎಂದು ಓಡಾಡುತ್ತಿದ್ದಾಗ ನಾನು ಪಕ್ಕದ ಮನೆಯ ಗ್ಯಾರೇಜಿನಲ್ಲಿ ಅಮ್ಮನ ಜೊತೆ ಕೂತು ಹಿತ್ತಾಳೆಯ ಖಾಲಿ ತೋಟಾಗಳನ್ನು ಉಜ್ಜುತ್ತಿದ್ದೆ.

ಇದನ್ನು ಓದುವವರಿಗೆ ವಿಚಿತ್ರ ಅನ್ನಿಸಬಹುದು, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಅಮ್ಮ ಮೈಸೂರಿನಲ್ಲಿ ಕಾಲೇಜು ಓದುವಾಗ ಎನ್‌ಸಿಸಿಯಲ್ಲಿದ್ದವಳು. ಕ್ಯಾಂಪಿನಲ್ಲಿ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ಗುರಿಗೆ ಹೊಡೆಯುವುದರಲ್ಲಿ ಗಂಡು ಹುಡುಗರನ್ನೂ ಹಿಂದೆ ಹಾಕಿದ್ದಳಂತೆ. ಮದುವೆ, ಟೆಕ್ಸಸ್, ನಾನು, ಎಲ್ಲ ಆದ ಮೇಲೆ ಆ ಮಾತು ಹಳೇ ಆಲ್ಬಮ್ಮಿನ ಒಂದು ಫೋಟೋ ಆಗಿ ಉಳಿದಿತ್ತು. ಮತ್ತೆ ಜೀವ ಬಂದದ್ದು ಪಕ್ಕದ ಮನೆಯ ವಾಲ್ಟ್ ಅಂಕಲ್‌ರಿಂದ. ಅವರು ರಿಟೈರ್ ಆದ ಮೆಕ್ಯಾನಿಕ್, ಹೆಂಡತಿ ತೀರಿಕೊಂಡಿದ್ದರು. ಒಮ್ಮೆ ಬೇಲಿಯಾಚೆ ಅವರ ಬಂದೂಕು ನೋಡಿ ಅಮ್ಮ ಏನೋ ಕೇಳಿದಳು, ಅವರು ಏನೋ ಹೇಳಿದರು, ಮುಂದಿನ ಭಾನುವಾರ ನಾವು ಮೂವರೂ ಅವರ ಟ್ರಕ್ಕಿನಲ್ಲಿ ಉತ್ತರದ ಕಡೆ ಮುಕ್ಕಾಲು ಗಂಟೆ ದೂರದ, ಗುರಿ ಹೊಡೆಯುವ ಒಂದು ರೇಂಜಿಗೆ ಹೋಗಿದ್ದೆವು. ಎರಡು ವರ್ಷದಲ್ಲಿ ಅಮ್ಮ ಆ ರೇಂಜ್ ನಡೆಸುವ ಕ್ಲಬ್ಬಿನ ಒಳ್ಳೆಯ ಗುರಿಕಾರರಲ್ಲಿ ಒಬ್ಬಳಾದಳು. ನನ್ನನ್ನು ಅಲ್ಲಿನ ಮಕ್ಕಳ ತಂಡಕ್ಕೆ ಸೇರಿಸಿಕೊಂಡರು.

ದೂರದ ಗುರಿಗೆ ಹೊಡೆಯುವವರು ಅಂಗಡಿಯ ತೋಟಾ ನೆಚ್ಚುವುದು ಕಡಿಮೆ. ಹೊಡೆದು ಖಾಲಿಯಾದ ಹಿತ್ತಾಳೆ ಕೊಳವೆಗಳನ್ನು ಆರಿಸಿ ತಂದು, ತೊಳೆದು, ಒಳಗೆ ಬಂದೂಕಿನ ಮದ್ದು ಅಳೆದು ಸುರಿದು, ಮೇಲೆ ಗುಂಡು ಕೂರಿಸಿ ತಾವೇ ತಯಾರಿಸಿಕೊಳ್ಳುತ್ತಾರೆ. ಮದ್ದು ಮುಟ್ಟುವ ಕೆಲಸ ಅಮ್ಮನದು, ಅಂಕಲ್‌ದು. ತೊಳೆಯುವುದು, ಒರೆಸುವುದು, ಬಿರುಕು ಬಿಟ್ಟದ್ದನ್ನು ಆರಿಸಿ ಎಸೆಯುವುದು ನನ್ನದು. ಆ ಗ್ಯಾರೇಜಿನ ವಾಸನೆಯನ್ನು ಈಗಲೂ ಕಣ್ಣು ಮುಚ್ಚಿ ಗುರುತಿಸುತ್ತೇನೆ: ಬಂದೂಕಿನ ಎಣ್ಣೆ, ಹಿತ್ತಾಳೆ ಉಜ್ಜಿದ ಕೈಯ ಒಗರು ವಾಸನೆ, ಅಂಕಲ್ ಕುಡಿಯುತ್ತಿದ್ದ ಕರೀ ಕಾಫಿ, ಅದರ ಮಧ್ಯೆ ಅಮ್ಮ ತಂದ ಚಪಾತಿ ಸುರುಳಿಯೊಳಗಿನ ಚಟ್ನಿಪುಡಿ. ಕೈ ಎರಡು ಸಲ ಸೋಪು ಹಾಕಿ ತೊಳೆಯದೆ ಚಪಾತಿ ಮುಟ್ಟುವಂತಿರಲಿಲ್ಲ. ಸಣ್ಣ ಕೊಳವೆಗಳು ಮಿಕ್ಕಿದರೆ ಅವನ್ನೇ ಕಾಯಿ ಮಾಡಿ, ಮೊಟ್ಟೆಯ ಎರಡು ರಟ್ಟುಗಳನ್ನು ಕತ್ತರಿಸಿ ಹದಿನಾಲ್ಕು ಗುಳಿ ಮಾಡಿ ಅಮ್ಮ ನನಗೆ ಅಳಗುಳಿಮಣೆ ಕಲಿಸಿದ್ದಳು. ತಂಡದಲ್ಲಿ ನನ್ನ ಜೊತೆಗಾತಿ ಕೇಸಿ ಎಂಬ ಹುಡುಗಿ, ಕೆಂಪು ಜಡೆಯವಳು. ಅವಳೂ ಕಲಿತಳು, ಕಲಿತ ವಾರಕ್ಕೇ ನನ್ನನ್ನು ಸೋಲಿಸತೊಡಗಿದಳು.

ಅಮ್ಮ ವಾರದ ದಿನಗಳಲ್ಲಿ ಮಾತ್ರೆ ತಯಾರಿಸುವ ಒಂದು ಕಂಪನಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಒಂದು ಬ್ಯಾಚಿಗೂ ಇನ್ನೊಂದು ಬ್ಯಾಚಿಗೂ ವ್ಯತ್ಯಾಸ ಇದೆಯೇ ಎಂದು ನೋಡುವುದೇ ಅವಳ ಕೆಲಸ. ಹಾಗಾಗಿ ಮದ್ದಿನ ಡಬ್ಬಿ ಕೈಗೆ ಬಂದರೆ ಅವಳು ಮೊದಲು ಹೆಸರು ನೋಡುತ್ತಿರಲಿಲ್ಲ, ಯಾವ ಬ್ಯಾಚಿನದು ಎಂದು ತಳದಲ್ಲಿ ಅಚ್ಚಾದ ಲಾಟ್ ನಂಬರ್ ನೋಡುತ್ತಿದ್ದಳು.

ಆ ವರ್ಷದ ಜುಲೈನಲ್ಲಿ ಕ್ಲಬ್ಬಿನವರು ಎಲ್ಲರ ಪರವಾಗಿ ಮದ್ದು ತರಿಸಿದರು. ಅದೇ ಕಂಪನಿ, ಅದೇ ಹೆಸರು, ಅದೇ ಬಿಳಿ ಡಬ್ಬಿ. ಲಾಟ್ ನಂಬರ್ ಮಾತ್ರ ಬೇರೆ. ಅಮ್ಮ ಹಳೆಯ ಅಳತೆಯನ್ನು ಹಾಗೇ ಹಾಕಲಿಲ್ಲ. ಬಹಳ ಕಡಿಮೆಯಿಂದ ಶುರುಮಾಡಿ, ಕೂದಲೆಳೆಯಷ್ಟೇ ಏರಿಸುತ್ತಾ, ಪ್ರತಿಯೊಂದನ್ನೂ ರೇಂಜಿನಲ್ಲಿ ಹೊಡೆದು, ಗುಂಡಿನ ವೇಗ ಅಳೆಯುವ ಪುಟ್ಟ ಯಂತ್ರದಲ್ಲಿ ನೋಡಿ ಬರೆದುಕೊಂಡಳು. ಮದ್ದು ಇನ್ನೂ ಕಡಿಮೆ ಇರುವಾಗಲೇ ಹಳೆಯ ಪೂರ್ತಿ ಅಳತೆಯ ವೇಗ ಬಂದುಬಿಟ್ಟಿತು. ಅಲ್ಲಿಗೇ ನಿಲ್ಲಿಸಿ, ಖಾಲಿ ಕೊಳವೆಯ ತಳ ನೋಡಿದಳು. ದುಂಡಗಿರಬೇಕಾದ ಅಂಚು ಚಪ್ಪಟೆಯಾಗಿತ್ತು, ಒಳಗಿನ ಒತ್ತಡ ಹೆಚ್ಚಾದ ಗುರುತು ಅದು. ವಾಲ್ಟ್ ಅಂಕಲ್ ಅದನ್ನು ಕನ್ನಡಕದ ಹತ್ತಿರ ಹಿಡಿದು ಬಹಳ ಹೊತ್ತು ತಿರುಗಿಸಿದರು. ಈ ಲಾಟು ಬಲು ಜೋರಾಗಿದೆ, ಹಳೇ ಅಳತೆ ಹಾಕಿದರೆ ಬಂದೂಕು ತಡೆಯುವುದಿಲ್ಲ, ಮುಖದ ಹತ್ತಿರವೇ ಸಿಡಿದೀತು ಎಂದು ಅವರೇ ಹೇಳಿದರು. ನಾನು ಅಲ್ಲೇ ಇದ್ದೆ, ನನ್ನ ಕಿವಿಯಾರೆ ಕೇಳಿದ್ದೇನೆ.

ಮಕ್ಕಳ ತಂಡಕ್ಕೆ ತೋಟಾ ತುಂಬಿ ಕೊಡುತ್ತಿದ್ದದ್ದು ರಾಯ್ ಎಂಬುವರು. ಕ್ಲಬ್ಬಿನ ಹಿರಿಯರು, ನಮಗೆ ಕೋಚ್ ಕೂಡ. ಮಕ್ಕಳ ವಿಷಯದಲ್ಲಿ ಒಳ್ಳೆಯವರೇ. ಬಿಸಿಲಲ್ಲಿ ಹೊಡೆದು ಎದ್ದರೆ ಐಸ್ ಡಬ್ಬದಿಂದ ಐಸ್‌ಕ್ಯಾಂಡಿ ತೆಗೆದು ಕೊಡುತ್ತಿದ್ದರು, ಯಾರ ಬಣ್ಣವನ್ನೂ ನೋಡುತ್ತಿರಲಿಲ್ಲ. ಅಮ್ಮ ಅವರಿಗೆ ಫೋನ್ ಮಾಡಿ ಹೇಳಿದಾಗ ಬುಧವಾರದ ಕಮಿಟಿಗೆ ಬಂದು ಹೇಳಿ ಅಂದರು. ಅಮ್ಮ ಹೋದಳು. ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಏಳೆಂಟು ಜನ ಗಂಡಸರು ಡೋನಟ್ ತಿನ್ನುತ್ತಾ ಕೂತಿದ್ದರು, ಅವರಲ್ಲಿ ವಾಲ್ಟ್ ಅಂಕಲ್ ಕೂಡ. ಅಮ್ಮ ತನ್ನ ಲೆಕ್ಕದ ಹಾಳೆಯನ್ನು ಎಲ್ಲರಿಗೂ ಹಂಚಿ, ಯಾವ ಅಳತೆಗೆ ಎಷ್ಟು ವೇಗ ಬಂತು ಎಂದು ಒಂದೊಂದಾಗಿ ವಿವರಿಸಿದಳು. ಯಾರ ಮುಖದಲ್ಲೂ ಏನೂ ಕಾಣದಿದ್ದಾಗ, ಮನೆಯಲ್ಲಿ ನನಗೆ ಹೇಳಿದ್ದನ್ನೇ ಅವರಿಗೂ ಹೇಳಿದಳು: ಅಂಗಡಿಯಿಂದ ಅದೇ ಹೆಸರಿನ ಅಕ್ಕಿ ಚೀಲ ತರುತ್ತೇವೆ, ಆದರೆ ಹೊಸ ಅಕ್ಕಿಗೂ ಹಳೇ ಅಕ್ಕಿಗೂ ಒಂದೇ ನೀರು ಇಡುವುದಿಲ್ಲ, ಇಟ್ಟರೆ ಅನ್ನ ಮುದ್ದೆಯಾಗುತ್ತದೆ ಎಂದು.

ರಾಯ್ ಆ ಹಾಳೆಯನ್ನು ಮಡಚಿ ಜೇಬಿಗೆ ಇಟ್ಟುಕೊಂಡು, "ಇದು ಅಕ್ಕಿ ಅಲ್ಲಮ್ಮ. ನಾನು ಇಪ್ಪತ್ತು ವರ್ಷದಿಂದ ಇದೇ ಮದ್ದು, ಇದೇ ಅಳತೆ ತುಂಬ್ತಿದೀನಿ" ಎಂದರು.

ಎಲ್ಲರೂ ನಕ್ಕರು. ಅಮ್ಮ ವಾಲ್ಟ್ ಅಂಕಲ್ ಕಡೆ ನೋಡಿದಳು. ಅವರು ಕಾಫಿ ಲೋಟದೊಳಗೆ ನೋಡುತ್ತಿದ್ದರು. ರಾಯ್ ಅವರೂ ಅಂಕಲ್‌ರೂ ನಲವತ್ತು ವರ್ಷದ ಸ್ನೇಹಿತರು. ಒಂದೇ ಒಂದು ಮಾತು, 'ನಾನೂ ನೋಡಿದ್ದೇನೆ' ಎನ್ನುವ ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ.

ಮುಂದೆ ಹ್ಯೂಸ್ಟನ್ ಹತ್ತಿರ ನಡೆಯಲಿದ್ದ ಪಂದ್ಯಕ್ಕೆ ಆಗಸ್ಟಿನ ಎರಡನೇ ಭಾನುವಾರ ನಮ್ಮ ರೇಂಜಿನಲ್ಲಿ ಮಕ್ಕಳ ಆಯ್ಕೆ. ಆ ಬೇಸಿಗೆಯೆಲ್ಲ ನಾನು ಕಾದದ್ದು ಅದಕ್ಕೆ. ಅಮ್ಮ ಹೊಸ ಜಾಕೆಟ್ಟಿನ ತೋಳು ಚಿಕ್ಕದು ಮಾಡಿ ಹೊಲಿದಿದ್ದಳು. ಅಂದು ಬೆಳಗ್ಗೆಯೇ ಗಾಳಿ ಒಲೆಯ ಬಾಯಿಯಿಂದ ಬಂದ ಹಾಗಿತ್ತು. ರಾಯ್ ಅವರ ಟ್ರಕ್ಕಿನ ಹಿಂಬದಿಯಲ್ಲಿ ನಮ್ಮ ತೋಟಾದ ಪೆಟ್ಟಿಗೆಗಳು ಬಿಸಿಲಿಗೆ ಬಿದ್ದಿದ್ದವು. ಅಮ್ಮ ಹೋಗಿ, ಇವು ಯಾವ ಲಾಟಿನವು, ಎಷ್ಟು ತುಂಬಿದ್ದೀರಿ ಎಂದು ಕೇಳಿದಳು. ಹೊಸ ಡಬ್ಬಿಯದು, ಯಾವಾಗಲೂ ತುಂಬುವಷ್ಟು ಎಂದರು. ಬಿಸಿಲಿಗೆ ಮದ್ದು ಇನ್ನೂ ಜೋರಾಗುತ್ತದೆ, ಇದನ್ನು ಮಕ್ಕಳಿಗೆ ಕೊಡಬೇಡಿ, ನಾನು ತುಂಬಿ ತಂದಿದ್ದೇನೆ, ಎಲ್ಲರಿಗೂ ಸಾಲುತ್ತದೆ ಎಂದು ಅಮ್ಮ ಬೇಡಿಕೊಂಡಳು. ಹೌದು, ಬೇಡಿಕೊಂಡಳು. ಅವಳು ಯಾರ ಮುಂದೆಯೂ ಹಾಗೆ ಮಾತಾಡಿದ್ದನ್ನು ಅದಕ್ಕೆ ಮುಂಚೆ ನಾನು ಕಂಡಿರಲಿಲ್ಲ. ಎಲ್ಲ ಮಕ್ಕಳೂ ಕ್ಲಬ್ಬಿನ ಒಂದೇ ಬಗೆಯ ತೋಟಾ ಹೊಡೆಯಬೇಕು, ಅದು ನಿಯಮ, ಇಷ್ಟವಿಲ್ಲದಿದ್ದರೆ ನಿಮ್ಮ ಹುಡುಗಿ ಹೊಡೆಯುವುದು ಬೇಡ ಎಂದರು ರಾಯ್. ಅಮ್ಮ ನನ್ನ ಭುಜ ಹಿಡಿದು ಗುಂಡು ಹೊಡೆಯುವ ಗೆರೆಯಿಂದ ಹಿಂದಕ್ಕೆ ಎಳೆದಳು. ನನ್ನ ಹೆಸರನ್ನು ಅವರು ಅಲ್ಲೇ ಪೆನ್ನಿನಿಂದ ಹೊಡೆದುಹಾಕಿದರು.

ಉಳಿದ ಐದು ಮಕ್ಕಳು ಚಾಪೆಯ ಮೇಲೆ ಮಲಗಿದರು. ಮೊದಲ ಗುಂಡು ಕೇಸಿಯದು. ಅದರ ಸದ್ದು ಆರುವ ಮೊದಲೇ ಅಮ್ಮ ಗೆರೆಯವರೆಗೂ ಓಡಿ, ಎರಡೂ ಕೈ ಮೇಲೆತ್ತಿ, ಹೊಟ್ಟೆಯ ಆಳದಿಂದ "ಸೀಸ್ ಫೈರ್" ಎಂದು ಕೂಗಿದಳು.

ರೇಂಜಿನ ಬಾಗಿಲಲ್ಲಿ ಕೆಂಪು ಅಕ್ಷರದ ಒಂದು ಹಲಗೆ ಇತ್ತು. ಅಪಾಯ ಕಂಡವರು ಯಾರೇ ಆಗಲಿ ಹಾಗೆ ಕೂಗಬಹುದು, ಕೂಗಿದರೆ ಎಲ್ಲರೂ ನಿಲ್ಲಿಸಲೇಬೇಕು ಎಂದು ಬರೆದಿತ್ತು. ಎಲ್ಲರೂ ನಿಲ್ಲಿಸಿದರು. ರಾಯ್ ಕೇಸಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ನಮಗೆ ಬೆನ್ನು ಮಾಡಿ, ಅವಳ ಬಂದೂಕನ್ನು ಸ್ವಲ್ಪ ಹೊತ್ತು ನೋಡಿ ಎದ್ದರು. ಏನೂ ಆಗಿಲ್ಲ ಎಂದು ಅಪ್ಪ ಅಮ್ಮಂದಿರ ಕಡೆ ತಿರುಗಿ ಹೇಳಿದರು. ಆಮೇಲೆ ಅಮ್ಮನ ಹತ್ತಿರ ಬಂದು, ಎಲ್ಲರಿಗೂ ಕೇಳಿಸುವ ಹಾಗೆ, ನೀವು ಮಕ್ಕಳನ್ನು ಹೆದರಿಸಿದ್ದೀರಿ, ದಯವಿಟ್ಟು ಹೊರಡಿ ಎಂದರು. ಕೇಸಿಯ ಅಪ್ಪ ನಮ್ಮ ಕಡೆ ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಅಂದಿನ ಆಯ್ಕೆ ರದ್ದಾಯಿತು, ಅದೂ ನಮ್ಮ ತಲೆಗೇ ಬಂತು.

ಆಗ ನಾನು ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಗು. ಕನ್ನಡ ಬರೆಯಲು ಕಲಿತದ್ದೆಲ್ಲ ಎಷ್ಟೋ ವರ್ಷದ ಮೇಲೆ. ಅವತ್ತು ಕಾರಿನಲ್ಲಿ ನನಗೆ ಬರುತ್ತಿದ್ದ ಇಂಗ್ಲಿಷೆಲ್ಲ ಬಳಸಿ ಅಮ್ಮನನ್ನು ಬೈದೆ. ನೀನು ನನ್ನ ಮಾನ ತೆಗೆದೆ, ಕೇಸಿ ಇನ್ನು ನನ್ನ ಜೊತೆ ಮಾತಾಡುವುದಿಲ್ಲ, ಏನೂ ಆಗಿರಲಿಲ್ಲ, ಎಲ್ಲರೂ ನಿನ್ನನ್ನು ಹುಚ್ಚಿ ಅಂದುಕೊಂಡಿದ್ದಾರೆ ಎಂದೆ. ಅಮ್ಮ ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ ಕಾರು ನಿಲ್ಲಿಸಿ, ಮಜ್ಜಿಗೆಯ ಫ್ಲಾಸ್ಕು ತೆಗೆದು ನನಗೆ ಕೊಟ್ಟಳು.

"ಬೈಕೋ ಪುಟ್ಟಾ, ಪರವಾಗಿಲ್ಲ. ಎರಡು ಕಣ್ಣೂ ಬಿಟ್ಕೊಂಡು ನನ್ನನ್ನ ನೋಡ್ತಾ ಬೈತಿದೀಯಲ್ಲ, ನಂಗೆ ಅಷ್ಟು ಸಾಕು" ಎಂದಳು.

ನನಗೆ ಅದು ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವ ಇಷ್ಟವೂ ಇರಲಿಲ್ಲ.

ಹತ್ತು ದಿನಕ್ಕೆ ಕ್ಲಬ್ಬಿನಿಂದ ಕಾಗದ ಬಂತು. ಅನಗತ್ಯ ಗಾಬರಿ ಹುಟ್ಟಿಸಿದ್ದಕ್ಕಾಗಿ ಅಮ್ಮನ ಸದಸ್ಯತ್ವ ರದ್ದು. ಕೂಗಬಹುದು ಎಂದು ತಾವೇ ಕೆಂಪಕ್ಷರದಲ್ಲಿ ಬರೆದು ನೇತುಹಾಕಿದ್ದವರು, ಕೂಗಿದ್ದಕ್ಕೆ ಹೊರಗೆ ಹಾಕಿದರು. ಅಪ್ಪ ಸಾಧು ಮನುಷ್ಯ, ಪ್ಲೇನೋದ ಆಫೀಸು, ಮನೆ ಬಿಟ್ಟರೆ ಬೇರೆ ಗೊತ್ತಿಲ್ಲದವರು. ಒಂದು ಸಲ ಸಾರಿ ಅಂತ ಬರೆದುಬಿಡು, ಮುಗಿದುಹೋಗುತ್ತೆ ಎಂದು ಹೇಳಿ ನೋಡಿದರು. "ಯಾವುದಕ್ಕೆ ಸಾರಿ ಅಂತ ನೀವೇ ಬರೆದುಕೊಡಿ, ಸೈನ್ ಮಾಡ್ತೀನಿ" ಎಂದಳು ಅಮ್ಮ. ಅಪ್ಪ ಬರೆಯಲಿಲ್ಲ. ನಮ್ಮವರಾದರೂ ಅಮ್ಮನ ಕಡೆ ನಿಂತರೋ ಎಂದರೆ ಅದೂ ಇಲ್ಲ. ಗಣೇಶನ ಹಬ್ಬಕ್ಕೆ ಒಬ್ಬರ ಮನೆಯಲ್ಲಿ ಸೇರಿದಾಗ ಕಡುಬು ಬಡಿಸುತ್ತಾ ಒಬ್ಬ ಆಂಟಿ, ಹೆಂಗಸರಿಗೆ ಯಾಕೆ ಬೇಕಿತ್ತು ಕೋವಿ ಸಹವಾಸ ಎಂದು ಸಲೀಸಾಗಿ ಹೇಳಿದರು. ಅಮ್ಮನ ತಟ್ಟೆಗೆ ಇನ್ನೊಂದು ಕಡುಬು ಹಾಕಿಯೇ ಹೇಳಿದರು.

ಅಕ್ಟೋಬರ್ ಬಂತು. ಒಂದು ಸಂಜೆ ವಾಲ್ಟ್ ಅಂಕಲ್ ನಮ್ಮ ಬಾಗಿಲಿಗೆ ಬಂದು, ಒಳಗೆ ಬರದೆ, ಒಂದು ಹಾಳೆ ಕೊಟ್ಟರು. ಕ್ಲಬ್ಬಿನ ಬೋರ್ಡಿಗೆ ಅಂಟಿಸಿದ್ದ ಸೂಚನೆಯ ಪ್ರತಿ. ಹೊಸ ಲಾಟಿನ ಮದ್ದು ಬಂದಾಗ ಹಳೆಯ ಅಳತೆ ಹಾಕಬಾರದು, ಕಡಿಮೆಯಿಂದ ಶುರುಮಾಡಿ ಅಳೆಯುತ್ತಾ ಬರಬೇಕು, ತುಂಬಿದ ತೋಟಾವನ್ನು ಬಿಸಿಲಿಗಿಡಬಾರದು, ಈ ಲಾಟಿಗೆ ಮಿತಿ ಇಷ್ಟು. ಕೆಳಗೆ ಒಂದು ಪಟ್ಟಿ. ಆ ಪಟ್ಟಿಯ ಅಂಕಿಗಳು ಅಮ್ಮನವು. ಜುಲೈನ ಆ ಕಮಿಟಿಯಲ್ಲಿ ಅವಳು ಹಂಚಿದ ಹಾಳೆಯಲ್ಲಿದ್ದವೇ, ಒಂದೂ ಹೆಚ್ಚುಕಡಿಮೆ ಇಲ್ಲದೆ. ಸಹಿ ಮಾತ್ರ ರಾಯ್‌ದು. ಆ ಮನುಷ್ಯನಿಗೆ ಇಲ್ಲಿಂದ ಮುಂದೆ ಬಹುವಚನ ಹಾಕಲು ನನಗೆ ಮನಸ್ಸಿಲ್ಲ.

ಅವನು ಮಿಕ್ಕ ತೋಟಾಗಳನ್ನೆಲ್ಲ ಸದ್ದಿಲ್ಲದೆ ಬಿಚ್ಚಿ ಮದ್ದು ತೆಗೆದುಹಾಕಿದ್ದನಂತೆ. ಅಂಕಲ್ ಅದನ್ನು ಹೇಳಿ, ಅವತ್ತು ನಾನು ಬಾಯಿ ಬಿಡಬೇಕಿತ್ತು ಎಂದರು. ಹೌದು, ಬಿಡಬೇಕಿತ್ತು ಎಂದಳು ಅಮ್ಮ. ಮೆತ್ತಗೇ ಹೇಳಿದಳು. ಅಂಕಲ್ ಹುಲ್ಲು ದಾಟಿ ತಮ್ಮ ಮನೆಗೆ ಹೋದರು. ಆಮೇಲೂ ಅವರು ಗಿಡದ ಪೀಚ್ ಹಣ್ಣು ತಂದುಕೊಡುತ್ತಿದ್ದರು, ಅಮ್ಮ ಹುಳಿಯನ್ನ ಕಳಿಸುತ್ತಿದ್ದಳು, ಜ್ವರ ಬಂದರೆ ಹೋಗಿ ನೋಡುತ್ತಿದ್ದಳು. ಆ ಗ್ಯಾರೇಜಿನ ಬೆಂಚಿಗೆ ಮಾತ್ರ ಮತ್ತೆ ಹೋಗಲಿಲ್ಲ. ಬಂದೂಕನ್ನು ಮುಂದಿನ ವರ್ಷ ಮಾರಿದಳು. ಅಲ್ಲಿಂದ ಮೂರು ವರ್ಷಕ್ಕೆ ಅಂಕಲ್ ತೀರಿಕೊಂಡರು.

ನನ್ನ ಸಿಟ್ಟು ಅಮ್ಮನಿಂದ ಕ್ಲಬ್ಬಿನವರ ಕಡೆಗೆ ತಿರುಗಲು ವರ್ಷಗಳು ಬೇಕಾದವು. ತಿರುಗಿದ ಮೇಲೆ ಆರಿಲ್ಲ. ಯೋಚಿಸಿ ನೋಡಿ. ಆ ದಿನ ಒಂದು ಮಗುವಿನ ಮುಖ ಸುಟ್ಟಿದ್ದರೆ ಅಮ್ಮ ಮೊದಲೇ ಹೇಳಿದ್ದಳು ಎಂದು ಊರೆಲ್ಲ ಒಪ್ಪುತ್ತಿತ್ತು. ಸುಡದ ಹಾಗೆ ತಡೆದಳು, ಅದಕ್ಕೇ ಹುಚ್ಚಿಯಾದಳು. ತಡೆದವರಿಗೆ ತೋರಿಸಲು ಗಾಯ ಇರುವುದಿಲ್ಲ. ಇದಕ್ಕಿಂತ ದೊಡ್ಡ ಅನ್ಯಾಯ ಜಗತ್ತಿನಲ್ಲಿ ಬೇಕಾದಷ್ಟಿದೆ, ನನಗೆ ಗೊತ್ತು. ಆದರೆ ಇದು ನನ್ನ ಅಮ್ಮನಿಗೆ ಆದದ್ದು.

ಈಗ ನಾನು ಪೇರ್‌ಲ್ಯಾಂಡ್‌ನಲ್ಲಿದ್ದೇನೆ, ಹ್ಯೂಸ್ಟನ್ನಿನ ಒಂದು ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ. ಹೋದ ವಸಂತದಲ್ಲಿ ಆಸ್ಟಿನ್‌ಗೆ ಎರಡು ದಿನದ ಟ್ರೈನಿಂಗಿಗೆ ಹೋಗಿದ್ದೆ. ಊಟದ ಸಾಲಿನಲ್ಲಿ ಹಿಂದೆ ನಿಂತಿದ್ದ ನರ್ಸ್ ಒಬ್ಬಳು ನನ್ನ ಎದೆಯ ಮೇಲಿದ್ದ ಹೆಸರು ಓದಿ, ಈ ಹೆಸರಿನವಳು ನನ್ನ ಜೀವನದಲ್ಲಿ ಒಬ್ಬಳೇ ಇದ್ದಳು ಎಂದಳು. ಕೂದಲು ಕತ್ತರಿಸಿದ್ದಳು, ಆದರೂ ಗುರುತು ಸಿಕ್ಕಿತು. ಕೇಸಿ.

ಇಬ್ಬರೂ ತಟ್ಟೆ ಹಿಡಿದು ಹೊರಗೆ ಮರದ ಕೆಳಗೆ ಕೂತೆವು. ಅವಳಿಗೆ ಮದುವೆಯಾಗಿ ನಾಲ್ಕು ವರ್ಷದ ಮಗಳಿದ್ದಾಳೆ. ನಿಮ್ಮಮ್ಮ ಅವತ್ತು ಯಾಕೆ ಹಾಗೆ ಕೂಗಿದರು, ನಮಗೆ ಯಾರೂ ಹೇಳಲೇ ಇಲ್ಲ ಎಂದಳು. ಹದಿನಾರು ವರ್ಷ ಅವಳಿಗೆ ಗೊತ್ತಿರಲಿಲ್ಲ. ನಾನು ಡಬ್ಬಿ, ಲಾಟು, ಹಾಳೆ, ಬೋರ್ಡಿನ ಸೂಚನೆ ಎಲ್ಲ ಹೇಳಿದೆ. ಅವಳ ಫೋರ್ಕು ತಟ್ಟೆಯಲ್ಲೇ ಉಳಿಯಿತು. ನಿಮ್ಮಮ್ಮನ ಜೊತೆ ಮಾತಾಡಬಹುದಾ ಎಂದು ಕೇಳಿದಳು. ಅಲ್ಲೇ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ.

ಕೇಸಿ ತನ್ನ ಹೆಸರು ಹೇಳಿ, ಥ್ಯಾಂಕ್ಸ್ ಹೇಳಿದಳು. ಅಮ್ಮ ಅದನ್ನು ಕೇಳಿಸಿಕೊಳ್ಳಲೇ ಇಲ್ಲವೇನೋ ಅನ್ನುವ ಹಾಗೆ, ತನ್ನ ಮೈಸೂರಿನ ಇಂಗ್ಲಿಷಿನಲ್ಲಿ, ಒಂದೊಂದೇ ಪದ ಇಟ್ಟು ಕೇಳಿದಳು:

"ಕೇಸಿ, ಆ ಒಂದು ಗುಂಡು ಹೊಡೆದ ಮೇಲೆ ನಿನ್ನ ಬೋಲ್ಟ್ ಸಲೀಸಾಗಿ ಮೇಲೆ ಬಂತಾ?"

ಬೋಲ್ಟ್ ಎಂದರೆ ಬಂದೂಕಿನ ಹಿಂಬದಿಯ ಅಗುಳಿ. ಖಾಲಿ ಕೊಳವೆ ತೆಗೆಯಲು ಅದನ್ನು ಎತ್ತಿ ಹಿಂದಕ್ಕೆ ಎಳೆಯಬೇಕು. ಒಳಗೆ ಒತ್ತಡ ಮಿತಿ ಮೀರಿದ್ದರೆ ಅದು ಕಚ್ಚಿಕೊಳ್ಳುತ್ತದೆ.

ಕೇಸಿ ನನ್ನ ಮುಖ ನೋಡಿದಳು. "ಇಲ್ಲ ಆಂಟಿ" ಎಂದಳು. "ನನಗೆ ಎತ್ತೋಕೇ ಆಗ್ಲಿಲ್ಲ. ನೀವು ಹೋದ ಮೇಲೆ ಕೋಚ್ ಮರದ ಸುತ್ತಿಗೇಲಿ ತಟ್ಟಿ ಬಿಡಿಸಿದ. ಯಾರಿಗೂ ಹೇಳ್ಬೇಡ, ನಿನ್ನ ಕೈಯಲ್ಲಿ ಶಕ್ತಿ ಸಾಲದು ಅಷ್ಟೆ ಅಂದ. ನಾನು ನನ್ನದೇ ತಪ್ಪು ಅಂದ್ಕೊಂಡಿದ್ದೆ."

ಅಮ್ಮ, ನಿನ್ನ ತಪ್ಪೇನೂ ಇರಲಿಲ್ಲ ಮಗು, ಹೇಳಿದ್ದು ಒಳ್ಳೆಯದಾಯಿತು ಎಂದಳು. ನನಗೆ ಕನ್ನಡದಲ್ಲಿ, ಸಂಜೆ ಹೈವೇಲಿ ಮಳೆ ಇದೆಯಂತೆ, ಬೇಗ ಹೊರಡು ಎಂದಳು.

ಆಗ ನನಗೆ ಹೊಳೆದದ್ದು ಒಂದೇ. ಆ ಕೊನೆಯ ಪುರಾವೆ ಅಮ್ಮನ ಬಳಿ ಎಂದೂ ಇರಲಿಲ್ಲ. ತಾನು ಕೂಗಿದ್ದು ಸರಿಯೇ ಎಂದು ಇಷ್ಟು ವರ್ಷ ಅವಳು ಒಬ್ಬಳೇ ತನ್ನನ್ನು ತಾನು ಕೇಳಿಕೊಂಡಿದ್ದಳು. ನಾನು, ಅಪ್ಪ, ಯಾರೂ ಅವಳನ್ನು ಅದರ ಬಗ್ಗೆ ಕೇಳಿರಲಿಲ್ಲ. ಗೊತ್ತಿದ್ದ ಒಬ್ಬನೇ ಮನುಷ್ಯ, ರಾಯ್, ಬೆನ್ನು ತಿರುಗಿಸಿ ಮುಚ್ಚಿಟ್ಟ, ಒಂದು ಹನ್ನೆರಡು ವರ್ಷದ ಹುಡುಗಿಯ ಕೈಗೆ ಶಕ್ತಿ ಸಾಲದು ಎಂದು ಅವಳ ಮೇಲೇ ಹೊರಿಸಿದ.

ಮರುವಾರ ಅಪ್ಪ ಅಮ್ಮನನ್ನು ನೋಡಲು ಹೋದೆ. ಬಾ ಅಮ್ಮ, ಬೇರೆ ಯಾವುದಾದರೂ ರೇಂಜಿಗೆ ಹೋಗೋಣ, ಒಂದೇ ಒಂದು ಸಲ ಎಂದೆ. ಅಮ್ಮ ಹುರಳಿಕಾಯಿ ಮುರಿಯುತ್ತಾ ಕೂತಿದ್ದಳು, ಮುಖಕ್ಕೆ ಬಹಳ ಹತ್ತಿರ ಹಿಡಿದು ನಾರು ತೆಗೆಯುತ್ತಿದ್ದಳು. ಸಕ್ಕರೆ ಕಾಯಿಲೆ ಮೂರು ವರ್ಷದಿಂದ ಅವಳ ಕಣ್ಣಿಗೆ ಇಳಿದಿದೆ.

"ಇನ್ನೆಲ್ಲಿ ಕಣೇ. ದೂರದ್ದೆಲ್ಲ ಈಗ ಬರೀ ಬೂದು" ಎಂದಳು.

ನಾನು ಪಕ್ಕದಲ್ಲಿ ಕೂತು ಕಾಯಿ ಮುರಿಯತೊಡಗಿದೆ. ಮುನ್ನೂರು ಗಜ ದೂರದ ಕಪ್ಪು ಚುಕ್ಕೆಯನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಕಾಣುತ್ತಿದ್ದ ಕಣ್ಣು ಅದು. ಅದು ಇನ್ನೂ ಕಾಣುತ್ತಿದ್ದ ಹದಿಮೂರು ವರ್ಷದ ಗುರಿಯಾಟವನ್ನು ಅವಳಿಂದ ಕಿತ್ತುಕೊಂಡವರು ಯಾರೂ ಇವತ್ತಿಗೂ ಕ್ಷಮೆ ಕೇಳಿ ಒಂದು ಕಾಗದ ಬರೆದಿಲ್ಲ.